ಸೊರಗು ಅಳೆಯಲು ಬಂದವಳು

ಅವಳು ಮೊದಲ ಸಲ ನನ್ನ ಬಾಗಿಲು ತಟ್ಟಿದ ದಿನ ನಾನು ಮಗಳ ಕೋಟಿಗೆ ಗುಂಡಿ ಹೊಲಿಯುತ್ತಿದ್ದೆ. ನಮ್ಮ ಕರೆಗಂಟೆ ಕೆಟ್ಟು ಬಹಳ ದಿನವಾಗಿತ್ತು, ಬಂದವರೆಲ್ಲ ತಟ್ಟುವುದು ಮಾಮೂಲು. ಆದರೆ ಆವತ್ತಿನದು ಕೈಯಿಂದ ತಟ್ಟಿದ ಸದ್ದಲ್ಲ, ಮರಕ್ಕೆ ಮರ ಬಡಿದ ಸದ್ದು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಹೋಗಿ ಬಾಗಿಲು ತೆಗೆದೆ. ಹೊರಗೆ ಒಬ್ಬ ಹೆಂಗಸು ನಿಂತಿದ್ದಳು. ಹೆಗಲಿಗೆ ಚೀಲ, ಕಂಕುಳಲ್ಲಿ ಒಂದು ಮರದ ಸ್ಟೂಲು. ಅದರ ಕಾಲಿನಿಂದಲೇ ಬಾಗಿಲು ಬಡಿದಿದ್ದಳು.

"ಸ್ಟೂಲು ಬೇಡಮ್ಮ, ಮನೇಲಿ ಇದೆ," ಎಂದೆ. ಮಾರುವವಳು ಎಂದುಕೊಂಡಿದ್ದೆ.

"ಮಾರೋಕಲ್ಲ ಅಮ್ಮಾ, ನಿಮ್ಮನ್ನ ಕೂರಿಸೋಕೆ ತಂದಿದ್ದು. ಕೂರಿಸಿ ಏಳಿಸೋಕೆ. ಒಳಗೆ ಬರ್ಲಾ?"

ಬರಲಾ ಎಂದು ಕೇಳುವಷ್ಟರಲ್ಲಿ ಅವಳ ಒಂದು ಕಾಲು ಒಳಗೇ ಇತ್ತು. ನಮ್ಮದು ನಾಲ್ಕನೆಯ ಮಹಡಿ. ಲಿಫ್ಟಿಗೆ ಕಾಯುವ ತಾಳ್ಮೆ ಇಲ್ಲದೆ ಸ್ಟೂಲು ಹೊತ್ತುಕೊಂಡೇ ಮೆಟ್ಟಿಲು ಹತ್ತಿ ಬಂದಿದ್ದಳು. ಆದರೂ ಉಸಿರು ಏರಿರಲಿಲ್ಲ, ಹಣೆಯ ಮೇಲೆ ಬೆವರಿನ ಹನಿ ಇರಲಿಲ್ಲ. ವಯಸ್ಸು ಐವತ್ತೈದರ ಮೇಲೇ ಇರಬೇಕು ಅನ್ನಿಸಿತು.

ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಿಂದ ಬಂದಿದ್ದಳು. ವಯಸ್ಸಾದವರು ಇರುವ ಮನೆಗಳಿಗೆಲ್ಲ ಹೋಗಿ, ಯಾರು ಗಟ್ಟಿಯಾಗಿದ್ದಾರೆ, ಯಾರು ಒಳಗೊಳಗೇ ಇಳಿಯುತ್ತಿದ್ದಾರೆ ಎಂದು ನೋಡುವುದು ಅವಳ ಕೆಲಸ. ಕೇಂದ್ರದವರು ಅದಕ್ಕೆ ಏನೋ ಉದ್ದದ ಹೆಸರು ಇಟ್ಟಿದ್ದರು. ಅವಳು ಮಾತ್ರ ಸೊರಗು ಎನ್ನುತ್ತಿದ್ದಳು.

"ನನಗೇನೂ ಕಾಯಿಲೆ ಇಲ್ಲಮ್ಮ," ಎಂದೆ.

"ಕಾಯಿಲೆ ಇದ್ದೋರಿಗೆ ಡಾಕ್ಟರಿದ್ದಾರೆ. ನಾನು ಕಾಯಿಲೆ ಇಲ್ಲ ಅನ್ನೋರ ಹತ್ರಾನೇ ಬರೋದು. ಗಿಡ ಸಾಯೋಕೆ ಮುಂಚೆ ಸೊರಗುತ್ತಲ್ಲ, ಆಗ ನೀರು ಹಾಕಿದ್ರೆ ಎದ್ದು ನಿಲ್ಲುತ್ತೆ. ಒಣಗಿದ್ಮೇಲೆ ಹಾಕಿದ್ರೆ ಮಣ್ಣು ಒದ್ದೆ ಆಗುತ್ತೆ ಅಷ್ಟೆ."

"ಹಾಗಾದ್ರೆ ಭವಿಷ್ಯ ಹೇಳೋಳು ಅನ್ನು."

"ಅವರಿಗಾದ್ರೆ ಕೈ ತೋರಿಸಿದ್ರೆ ಸಾಕು. ನನಗೆ ಕೈ ಹಿಂಡಿ ತೋರಿಸ್ಬೇಕು," ಎಂದು ಚೀಲದಿಂದ ಒಂದು ಕಬ್ಬಿಣದ ಹಿಡಿ ತೆಗೆದಳು. ಹಿಂಡಿದರೆ ಅದರ ಮುಖದ ಮೇಲಿನ ಮುಳ್ಳು ತಿರುಗುತ್ತದೆ, ಎಷ್ಟು ಬಲವೋ ಅಷ್ಟು ದೂರ. ಕೈ ಹಿಂಡುವುದು, ಎದೆಗೆ ಕೈ ಕಟ್ಟಿ ಸ್ಟೂಲಿನಿಂದ ಮತ್ತೆ ಮತ್ತೆ ಎದ್ದು ಕೂರುವುದು, ಎರಡು ಗೆರೆಗಳ ನಡುವೆ ನಡೆಯುವುದು, ತೂಕದ ಯಂತ್ರದ ಮೇಲೆ ನಿಲ್ಲುವುದು, ಕೊನೆಗೆ ಸುಸ್ತಿನ ಮಾತು, ಊಟದ ಮಾತು, ಮನೆಯಿಂದ ಹೊರಗೆ ಹೋಗುವ ಮಾತು. ಇಷ್ಟೇ ಅವಳ ಪರೀಕ್ಷೆ.

ನಾನು ಸೋಫಾದ ಮೇಲೆ ಕೂರಲು ಹೋದರೆ ಕೈ ಹಿಡಿದು ಎಬ್ಬಿಸಿದಳು. "ಒಬ್ಬೊಬ್ಬರ ಮನೆ ಸೋಫಾ ಒಂದೊಂದು ಎತ್ತರ. ಸೋಫಾದಲ್ಲಿ ಮುಳುಗಿದೋರನ್ನ ಅಳೆದ್ರೆ ನನ್ನ ಲೆಕ್ಕಾನೂ ಮುಳುಗುತ್ತೆ. ಅದಕ್ಕೇ ಈ ಹೆಣಭಾರ ಹೊತ್ಕೊಂಡು ತಿರುಗೋದು." ಸ್ಟೂಲನ್ನು ಗೋಡೆಗೆ ಒತ್ತಿ ಇಟ್ಟಳು. ನನ್ನನ್ನು ಕೂರಿಸುವ ಮೊದಲು ತಾನೇ ಕೂತು, ಎದೆಗೆ ಕೈ ಕಟ್ಟಿ, ಪಟಪಟನೆ ಎದ್ದು ಕೂತು ಎದ್ದು ಕೂತು ತೋರಿಸಿದಳು. ಕೇಂದ್ರದವರು ಬಾಯಲ್ಲಿ ಹೇಳಿದರೆ ಸಾಕು ಎಂದಿದ್ದರಂತೆ. ಅವಳು ಎಲ್ಲರ ಮನೆಯಲ್ಲೂ ಪ್ರತಿಯೊಂದನ್ನೂ ಮೊದಲು ತಾನು ಮಾಡಿ ತೋರಿಸುತ್ತಿದ್ದಳು. "ನಾನು ಮಾಡ್ದೇ ಇರೋದನ್ನ ನಿಮ್ಮ ಕೈಲಿ ಮಾಡಿಸಿದ್ರೆ ನೀವು ನನ್ನನ್ನ ಬೈಕೋತೀರಿ," ಎಂದಳು.

ನನಗೆ ಹಳದಿ ಚೀಟಿ ಸಿಕ್ಕಿತು. ಹಸಿರು ಎಂದರೆ ಗಟ್ಟಿ, ಕೆಂಪು ಎಂದರೆ ಸೊರಗು ಹಿಡಿದಿದೆ, ಹಳದಿ ಎಂದರೆ ಈಗಲೇ ಎಚ್ಚರವಾಗಬೇಕು. ಅಡುಗೆಮನೆಯ ಕಟ್ಟೆ ಹಿಡಿದು ದಿನಾ ಬಸ್ಕಿ ಹೊಡೆಯಿರಿ, ಮೊಟ್ಟೆಯೋ ಬೇಳೆಯೋ ಹಾಲೋ ತಪ್ಪದೆ ತಿನ್ನಿ ಎಂದಳು. ಚಹಾ ಕೊಟ್ಟೆ. ನಿಂತೇ ಕುಡಿದಳು, ಕುಡಿಯುತ್ತಾ ಬಾಗಿಲವರೆಗೆ ಹೋದಳು, ಖಾಲಿ ಲೋಟ ನನ್ನ ಕೈಗಿಟ್ಟು ಮೆಟ್ಟಿಲಿಳಿದಳು. ಅವಳು ಹೋದ ಮೇಲೆ ಮನೆ ಇದ್ದಕ್ಕಿದ್ದಂತೆ ನಿಂತುಹೋದ ಹಾಗಾಯಿತು.

ನಮ್ಮ ಕಟ್ಟಡದವರು ಅವಳಿಗೆ ಸ್ಟೂಲಮ್ಮ ಎಂದು ಹೆಸರಿಟ್ಟರು. ಇಟ್ಟವರು ಎರಡನೆಯ ಮಹಡಿಯ ಪೇಂಟರಣ್ಣ. ಅವರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಯಂತ್ರದಲ್ಲಿ ಅಚ್ಚು ಹಾಕಿದ ಬೋರ್ಡು ಬಂದ ಮೇಲೆ ಆ ಕೆಲಸ ಹೋಯಿತು. ಆದರೂ ಸಣ್ಣ ತಗಡಿನ ಮೇಲೆ ಮನೆ ನಂಬರು, ಯಜಮಾನರ ಹೆಸರು ಬರೆದುಕೊಡುವುದನ್ನು ಬಿಟ್ಟಿರಲಿಲ್ಲ. ನಮ್ಮ ಕಟ್ಟಡದ ಬಾಗಿಲುಗಳ ಮೇಲಿನ ಅಂಕಿಗಳೆಲ್ಲ ಅವರ ಕೈಯವು. ಸ್ಕೇಲು ಇಡದೆ ಬರೆದರೂ ಗೆರೆ ಕೂದಲೆಳೆಯಷ್ಟು ಆಚೀಚೆ ಆಗುತ್ತಿರಲಿಲ್ಲ. ಹೆಂಡತಿ ಇರಲಿಲ್ಲ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳ ಜೊತೆಗಿದ್ದರು.

ಮೊದಲ ದಿನ ಅವರು ಸ್ಟೂಲಮ್ಮನನ್ನು ಚೆನ್ನಾಗಿ ಕಾಡಿದರು.

"ನಾನೇನು ಸಂತೆಗೆ ಬಂದ ಕುದುರೇನಾ, ಕೂರಿಸಿ ನಿಲ್ಲಿಸಿ ನೋಡೋಕೆ? ಹಲ್ಲೂ ತೋರಿಸ್ಲಾ?"

"ಇದ್ರೆ ತೋರಿಸಿ ಅಣ್ಣಾ."

"ಏಣಿ ಮೇಲೆ ನಿಂತೇ ಅರ್ಧ ಆಯುಷ್ಯ ಕಳೆದೋನು ನಾನು. ನನಗೆ ಸ್ಟೂಲು ಹತ್ತೋದು ಹೇಳಿಕೊಡ್ತೀಯಾ?"

"ಹತ್ತೋದು ಬೇಡ. ಕೂತು ಏಳಿ, ಸಾಕು. ಏಣಿ ಹತ್ತಿದೋರೆಲ್ಲ ಏಳೋಕೇ ಕಷ್ಟಪಡ್ತಾರೆ."

ಅವರಿಗೆ ಹಸಿರು ಸಿಕ್ಕಿತು. ಆ ಚೀಟಿಯನ್ನು ಬಾಗಿಲಿನ ಹೊರಗೆ ಅಂಟಿಸಿಕೊಂಡರು. ಜಂಬ ಅಂದರೆ ಜಂಬ. ಅವಳು ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದ ನಡಿಗೆಯ ಗೆರೆಗಳು ಗುಡಿಸುವವರ ಪೊರಕೆಗೆ ಅಳಿಸಿಹೋಗುತ್ತಿದ್ದವು. ಅದನ್ನು ನೋಡಿ ಪೇಂಟರಣ್ಣ ತಾವೇ ಎಲ್ಲ ಮಹಡಿಯಲ್ಲೂ ಮನೆಗಳ ಮುಂದಿನ ಓಣಿಯಲ್ಲಿ ಬಿಳಿ ಬಣ್ಣದಲ್ಲಿ ಎರಡೆರಡು ಗೆರೆ ಹಾಕಿಕೊಟ್ಟರು.

ಗೆರೆ ಬಂದದ್ದೇ ತಡ, ಮುದುಕರ ತಾಲೀಮು ಶುರುವಾಯಿತು. ಅವಳು ಬರುವ ವಾರ ಬಂತೆಂದರೆ ಓಣಿಯಲ್ಲಿ ಕೈ ಬೀಸಿಕೊಂಡು ಓಡಾಟ. ಮೂರನೆಯ ಮಹಡಿಯ ಸಂಗೀತದ ಮೇಡಂ ತೂಕ ಇಳಿದದ್ದು ಗೊತ್ತಾಗಬಾರದೆಂದು ಸ್ವೆಟರಿನ ಮೇಲೆ ಸ್ವೆಟರು ಹಾಕಿ ನಿಲ್ಲುತ್ತಿದ್ದರು. ಸ್ಟೂಲಮ್ಮ ಈರುಳ್ಳಿ ಸುಲಿದ ಹಾಗೆ ಒಂದೊಂದೇ ಬಿಚ್ಚಿಸಿ ತೂಗುತ್ತಿದ್ದಳು. ನಮ್ಮ ಭಯ ಕೆಂಪು ಚೀಟಿಯದು. ಕೆಂಪು ಬಂದರೆ ಕೇಂದ್ರದಿಂದ ಮಕ್ಕಳಿಗೆ ಫೋನು ಹೋಗುತ್ತದೆ. ಆಮೇಲೆ ಒಬ್ಬರೇ ಮೆಟ್ಟಿಲಿಳಿಯಬೇಡಿ, ಒಲೆ ಹಚ್ಚಬೇಡಿ, ಮಾರ್ಕೆಟ್ಟಿಗೆ ಹೋಗಬೇಡಿ. ಸ್ಟೂಲಮ್ಮ ಆ ಮಕ್ಕಳ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು. "ಕೆಂಪು ಅಂದ್ರೆ ಕೂರಿಸಿ ಅಂತಲ್ಲ ಸ್ವಾಮೀ, ನಡೆಸಿ ಅಂತ. ಕೂರಿಸಿದ್ರೆ ಆಮೇಲೆ ಮಲಗಿಸ್ಬೇಕಾಗುತ್ತೆ."

ಒಂದು ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ಒಂದು ಸಲ ಲಿಫ್ಟು ಕೆಟ್ಟಾಗ, ನಾವೇ ಕೆಳಗೆ ಬರುತ್ತೇವೆ, ನೀನು ಯಾಕೆ ಹತ್ತುತ್ತೀಯ ಎಂದೆವು. "ನೀವು ಬರ್ಬಾರ್ದು, ನಾನು ಬರ್ಬೇಕು. ಅಳೆಯೋಕೆ ಅಂತ ಮೆಟ್ಟಿಲಿಳಿಸಿ ಕಾಲು ಮುರಿಸಿದ್ರೆ ಆಮೇಲೆ ಏನನ್ನ ಅಳೀಲಿ?" ಎಂದಳು. ಅದು ಕೇಂದ್ರದ ನಿಯಮವೂ ಹೌದು.

ಬರಬರುತ್ತಾ ನನ್ನನ್ನು ಅಕ್ಕ ಎಂದು ಕರೆಯತೊಡಗಿದಳು. ನಮ್ಮ ಕಟ್ಟಡದ ಸುತ್ತು ಮುಗಿಸಿ ಕೊನೆಗೆ ನನ್ನ ಮನೆಗೆ ಬಂದು, ಬಾಗಿಲ ಚೌಕಟ್ಟಿಗೆ ಹೆಗಲು ಕೊಟ್ಟು ನಿಂತು ಮಾತಾಡುತ್ತಿದ್ದಳು. ಕೂರು ಎಂದರೆ ಕೂರುತ್ತಿರಲಿಲ್ಲ. ಚೀಲದಲ್ಲಿ ಬ್ರೆಡ್ಡು ಇರುತ್ತಿತ್ತು, ಅದನ್ನು ದಾರಿಯಲ್ಲಿ ನಡೆಯುತ್ತಾ ತಿನ್ನುತ್ತಿದ್ದಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಟಯರು ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವಳು, ಅವಳ ಅತ್ತೆ. ತೊಂಬತ್ತರ ಹತ್ತಿರದ ಆ ಅತ್ತೆಗೆ ಅವಳು ಇಟ್ಟ ಹೆಸರು ಕಲ್ಲಜ್ಜಿ.

"ನಮ್ಮ ಕಲ್ಲಜ್ಜೀನೂ ಅಳೆದೆ ಅಕ್ಕಾ. ಮುಳ್ಳು ಆ ಕಡೆ ಹೋಗಿದ್ದು ಈ ಕಡೆ ಬರ್ಲಿಲ್ಲ. ಯಂತ್ರಾನೇ ಕೆಟ್ಟಿತೇನೋ ಅಂತ ಹೆದರಿದೆ. 'ನಿನ್ನನ್ನ ಹೊತ್ತು ಹಾಕಿಯೇ ನಾನು ಹೋಗೋದು' ಅಂತಾರೆ. ಹಾಕಿದ್ರೂ ಹಾಕಿದ್ರೇ."

ಹಾಗೆ ಎರಡು ವರ್ಷ ಕಳೆಯಿತು. ಆಮೇಲೆ ನನಗೆ ಕಸಿವಿಸಿ ಶುರುವಾಯಿತು.

ಮೊದಲು ಕಂಡದ್ದು ಸ್ಟೂಲಿನ ವಿಷಯ. ಒಂದು ದಿನ ಹೋಗುವಾಗ, "ಅಕ್ಕಾ, ಇದು ಇಲ್ಲೇ ಇರ್ಲಿ, ಮುಂದಿನ ಸಲಕ್ಕೆ ಆಗುತ್ತೆ. ಬೇರೆ ಕಟ್ಟಡಕ್ಕೆ ಕೇಂದ್ರದಲ್ಲಿ ಇನ್ನೊಂದಿದೆ," ಎಂದು ಬಿಟ್ಟುಹೋದಳು. ನಾನು ಬಾಗಿಲ ಹಿಂದೆ ಇಟ್ಟುಕೊಂಡೆ. ಮುಂದಿನ ಸಲ ಲಿಫ್ಟಿನಲ್ಲಿ ಬಂದಳು. ಮೆಟ್ಟಿಲೆಂದರೆ ಹಾರಿ ಹತ್ತುತ್ತಿದ್ದವಳು ಲಿಫ್ಟಿಗೆ ಕಾದು ಬಂದಳಲ್ಲ ಎಂದುಕೊಂಡೆ. ಇನ್ನೊಂದು ಸಲ, ಕೂತು ಎದ್ದು ತೋರಿಸುವಾಗ ಎದೆಗೆ ಕಟ್ಟಿದ ಕೈ ಬಿಚ್ಚಿತು. ಒಂದು ಅಂಗೈ ಮೆಲ್ಲನೆ ತೊಡೆಯ ಮೇಲೆ ಊರಿಕೊಂಡಿತು. ಅದಾದ ಮೇಲೆ ಮಾಡಿ ತೋರಿಸುವುದನ್ನೇ ಬಿಟ್ಟಳು. "ಗೊತ್ತಿದೆಯಲ್ಲ ಅಕ್ಕಾ, ಹೋದ ಸಲದ ಹಾಗೇ," ಎಂದು ಬಾಯಲ್ಲಿ ಹೇಳುತ್ತಿದ್ದಳು. ಬೇಸಿಗೆಯಲ್ಲೂ ಕೋಟು ತೆಗೆಯುತ್ತಿರಲಿಲ್ಲ. ನಾನು ಒಂದು ಕಾಲದಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿದವಳು, ಯಾವ ಬಟ್ಟೆ ಯಾರ ಮೈ ಮೇಲೆ ಹೇಗೆ ಕೂರುತ್ತದೆ ಎನ್ನುವುದು ಕಣ್ಣಿಗೆ ತಾನಾಗಿ ಬೀಳುತ್ತದೆ. ಆ ಕೋಟಿನ ಹೆಗಲು ತೋಳಿನ ಮೇಲೆ ಜಾರಿತ್ತು.

ಕೇಳೋಣವೆಂದರೆ ಅವಳು ನಿಂತರೆ ತಾನೆ. ಬಾಯಿಗೆ ಬಂದ ಮಾತು ಅವಳ ಬೆನ್ನು ನೋಡಿ ಹಿಂದಕ್ಕೆ ಹೋಗುತ್ತಿತ್ತು. ಕೊನೆಗೆ ಒಂದು ದಿನ ನಾನು ಹೊಸಿಲಿಗೆ ಅಡ್ಡ ನಿಂತು, ಅವಳು ನಮ್ಮನ್ನು ಕೇಳುತ್ತಿದ್ದ ಪ್ರಶ್ನೆಗಳನ್ನೇ ಕೇಳಿದೆ.

"ತೂಕ ಇಳಿದಿದೆಯಾ?"

"ನಾನೇ ಇಳಿಸಿದ್ದೀನಿ. ದಪ್ಪ ಆಗಿದ್ದೆ."

"ಸುಸ್ತಾಗುತ್ತಾ?"

"ಕೆಲಸ ಮಾಡೋರಿಗೆ ಆಗದೆ ಇನ್ನೇನು?"

"ಎಲ್ಲಿ, ಆ ಹಿಡಿ ಹಿಂಡು ನೋಡೋಣ."

ಅವಳ ಮುಖ ಬಿಗಿದುಕೊಂಡಿತು. "ಅಕ್ಕಾ, ನನ್ನನ್ನ ಅಳೀಬೇಡಿ. ನಾನಿನ್ನೂ ಅರವತ್ತು ದಾಟಿಲ್ಲ."

"ಸೊರಗೋ ಗಿಡ ವಯಸ್ಸು ಕೇಳಿಕೊಂಡು ಸೊರಗುತ್ತಾ?"

ಅವಳು ಓಣಿಯ ಆಚೆ ನೋಡಿದಳು. ಚೀಲದ ಪಟ್ಟಿಯನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿದಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಮುಂದಿನ ತಿಂಗಳು ಮೇಲ್ವಿಚಾರಕಿ ನನ್ನ ಜೊತೆ ಒಂದು ದಿನ ಸುತ್ತೋಕೆ ಬರ್ತಾರೆ. ವರ್ಷಕ್ಕೊಂದ್ಸಲ ಬರ್ತಾರೆ, ನೋಡಿ ಕೆಲಸ ಮುಂದುವರಿಸ್ತಾರೆ. ಅದೊಂದು ದಾಟಲಿ ಅಕ್ಕಾ. ದಾಟಿದ್ಮೇಲೆ ನಾನೇ ಡಾಕ್ಟರ ಹತ್ರ ಹೋಗ್ತೀನಿ. ಈ ಸುತ್ತು ನಿಂತ್ರೆ ನಾನು ನಿಂತ ಹಾಗೇ. ಮನೇಲಿ ಆ ಕಲ್ಲಜ್ಜಿ ಮುಖ ನೋಡ್ತಾ ಕೂರೋಕೆ ನನ್ನ ಕೈಲಿ ಆಗಲ್ಲ. ಕೂತು ನನಗೆ ಅಭ್ಯಾಸಾನೇ ಇಲ್ಲ."

ನಾನು ದಾರಿ ಬಿಟ್ಟೆ. ಆ ತಿಂಗಳು ಪೂರ್ತಿ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಹೇಳಬೇಕಾದವರಿಗೆ ಹೇಳಲೋ, ಅವಳು ಕೇಳಿಕೊಂಡ ಹಾಗೆ ಸುಮ್ಮನಿರಲೋ? ಮಗಳು ಕೆಲಸಕ್ಕೆ ಹೊರಟ ಮೇಲೆ ಕಿಟಕಿಗೆ ಹೋಗುವುದು, ಬಾಗಿಲಿಗೆ ಬರುವುದು, ಸ್ಟೂಲಿನ ಮೇಲಿನ ಧೂಳು ಒರೆಸುವುದು, ಮತ್ತೆ ಕಿಟಕಿ.

ಮೇಲ್ವಿಚಾರಕಿ ಬರುವ ವಾರವೇ ನಮ್ಮ ಲಿಫ್ಟು ನಿಂತಿತು. ರಿಪೇರಿಯವನು ಬಂದು ಬಿಚ್ಚಿ ಹಾಕಿ, ಯಾವುದೋ ಭಾಗ ತರಲು ಹೋದವನು ತಿರುಗಿ ಬರಲಿಲ್ಲ. ಅಳೆಯುವ ದಿನ ಬೆಳಿಗ್ಗೆ ಕಾವಲುಗಾರ ಒಂದೊಂದೇ ಬಾಗಿಲು ತಟ್ಟಿಕೊಂಡು ಬಂದ. "ಸ್ಟೂಲಮ್ಮ ಕೆಳಗೆ ಅಂಗಳದಲ್ಲಿದ್ದಾರೆ. ಬಿಸಿಲು ಚೆನ್ನಾಗಿದೆಯಂತೆ, ಮೈಗೆ ಒಳ್ಳೇದಂತೆ. ಎಲ್ಲರೂ ನಿಧಾನವಾಗಿ ಇಳಿದು ಬರಬೇಕಂತೆ."

ಉಳಿದವರಿಗೆ ಅದು ಪ್ರವಾಸಕ್ಕೆ ಹೊರಟಷ್ಟು ಖುಷಿ. ಸಂಗೀತದ ಮೇಡಂ ಆವತ್ತು ಸ್ವೆಟರು ಮರೆತೇ ಬಂದರು. ಪೇಂಟರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನನಗೆ ಮಾತ್ರ ಬಿಸಿಲಿನ ಮಾತು ಬಿಸಿಲಿಗಾಗಿ ಆಡಿದ್ದಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಕಂಬಿ ಹಿಡಿದು ಇಳಿದೆ.

ಎರಡನೆಯ ಮಹಡಿಯಲ್ಲಿ ಪೇಂಟರಣ್ಣ ಜೊತೆಯಾದರು. ಅವರು ಮುಂದೆ, ನಾನು ಹಿಂದೆ. ಅವರೂ ಕಂಬಿ ಹಿಡಿದೇ ಇಳಿಯುತ್ತಿದ್ದರು. ಹೋದ ಸಲ ಅವರಿಗೆ ಹಸಿರು ಹೋಗಿ ಹಳದಿ ಬಂದಿತ್ತು, ಬಾಗಿಲ ಮೇಲಿನ ಚೀಟಿ ಆಗಲೇ ಕಾಣೆಯಾಗಿತ್ತು. ಕೊನೆಯ ಮೆಟ್ಟಿಲುಗಳ ತಿರುವಿಗೆ ಬಂದರೆ ಅಲ್ಲಿಂದ ಅಂಗಳ ಕಾಣುತ್ತದೆ, ಅಂಗಳದಿಂದ ಮೆಟ್ಟಿಲೂ ಕಾಣುತ್ತದೆ. ಸ್ಟೂಲಮ್ಮ ಕೇಂದ್ರದಿಂದ ತಂದ ಸ್ಟೂಲಿನ ಮೇಲೆ ನಮ್ಮ ಕಡೆ ಮುಖ ಮಾಡಿ ಕೂತಿದ್ದಳು. ಪೇಂಟರಣ್ಣ ತಟ್ಟನೆ ಕಂಬಿ ಬಿಟ್ಟರು.

"ಹಿಡ್ಕೊಳ್ಳಿ ಅಣ್ಣಾ," ಎಂದೆ.

"ಸುಮ್ನಿರಕ್ಕ. ಅವಳು ಅಲ್ಲಿಂದಲೇ ಅಳೀತಿದ್ದಾಳೆ. ಕಂಬಿ ಹಿಡಿದಿದ್ದು ನೋಡಿದ್ರೆ ಈ ಸಲ ಕೆಂಪೇ ಗತಿ."

ಅಂಗಿಯ ಚುಂಗು ಎಳೆದುಕೊಂಡು, ತಲೆ ಎತ್ತಿ, ಕೈ ಬೀಸಿಕೊಂಡು ಮೂರು ಮೆಟ್ಟಿಲು ಇಳಿದರು. ನಾಲ್ಕನೆಯದಕ್ಕೆ ಕಾಲು ಸಿಗಲಿಲ್ಲ. ಬಲಗೈ ಮುಂದೆ ಚಾಚಿ ಬಿದ್ದರು. ಆ ಸದ್ದು ದೊಡ್ಡದಲ್ಲ, ಒಣ ಕಡ್ಡಿ ಮುರಿದಷ್ಟೇ.

ನಾನು ಕೂಗಿಕೊಂಡೆ. ಕೂಗುತ್ತಲೇ ಸ್ಟೂಲಮ್ಮನ ಕಡೆ ನೋಡಿದೆ. ಅವಳು ಏಳಲು ಹೋದಳು, ಆಗಲಿಲ್ಲ. ಮತ್ತೆ ಮುಂದಕ್ಕೆ ಬಾಗಿ, ಎರಡೂ ಕೈ ಸ್ಟೂಲಿನ ಅಂಚಿಗೆ ಊರಿ ಎದ್ದಳು. ಎದ್ದವಳು ಓಡಬೇಕೆಂದು ಹೆಜ್ಜೆ ಹಾಕಿದಳು, ಹೆಜ್ಜೆ ನೆಲದಲ್ಲೇ ತೆವಳಿತು. ಅವಳು ಮೆಟ್ಟಿಲು ಮುಟ್ಟುವ ಮೊದಲೇ ಕಾವಲುಗಾರ ಪೇಂಟರಣ್ಣನನ್ನು ಎತ್ತಿ ಕೂರಿಸಿದ್ದ. ಅವರ ಮಣಿಕಟ್ಟು ಬೇರೆ ಯಾರದೋ ಕೈಗೆ ಸೇರಿದ್ದರ ಹಾಗೆ ತಿರುಗಿತ್ತು.

"ನೋಡು ತಾಯಿ, ಬಿದ್ದೇ ಬಿಟ್ಟೆ. ಬರ್ಕೋ ಕೆಂಪು," ಎಂದರು.

ಸಂಜೆ ಪೇಂಟರಣ್ಣನ ಮಗಳು ನನ್ನ ಮನೆಗೆ ಬಂದಳು. ಅಪ್ಪನಿಗೆ ಪಟ್ಟಿ ಕಟ್ಟಿಸಿ ಬಂದಿದ್ದಳು, ಇನ್ನೂ ಅಂಗಡಿಯ ಬಿಳಿ ಅಂಗಿಯಲ್ಲೇ ಇದ್ದಳು.

"ಆಂಟಿ, ನೀವು ಹಿಂದೇನೇ ಇದ್ರಂತೆ. ಆಯಮ್ಮ ಯಾಕೆ ಮೇಲೆ ಬರ್ಲಿಲ್ಲ? ಕೆಳಗೆ ಕರೀಬಾರ್ದು ಅಂತ ಅವರ ನಿಯಮಾನೇ ಇದೆ. ನಾನು ಕೇಂದ್ರಕ್ಕೆ ದೂರು ಕೊಡ್ತೀನಿ. ಅಪ್ಪನ್ನ ಕೇಳಿದ್ರೆ 'ನಾನಾಗೇ ಜಾರಿದೆ' ಅಂತಾರೆ. ನೀವು ಹೇಳಿ."

"ಅವಳ ಬಾಯಲ್ಲೇ ಬರ್ಲಿ ಮಗಾ. ಒಂದು ದಿನ ತಡಿ," ಎಂದೆ.

ಮಾರನೆಯ ದಿನ ಅವಳು ಬಂದಳು. ಲಿಫ್ಟು ಇನ್ನೂ ಕೆಟ್ಟೇ ಇತ್ತು. ಬಾಗಿಲು ತೆರೆದಿಟ್ಟು ಕೂತಿದ್ದೆ. ಕೆಳಗಿನಿಂದ ಅವಳ ಕಾಲಿನ ಸದ್ದು ಕೇಳುತ್ತಿತ್ತು, ನಿಲ್ಲುತ್ತಿತ್ತು, ಬಹಳ ಹೊತ್ತಿನ ಮೇಲೆ ಮತ್ತೆ ಕೇಳುತ್ತಿತ್ತು. ಮೇಲೆ ಬಂದಾಗ ತುಟಿ ಬೆಳ್ಳಗಾಗಿತ್ತು. ಚೌಕಟ್ಟಿಗೆ ಹೆಗಲು ಕೊಡಲು ಹೋದವಳು ಇಡೀ ಮೈಯನ್ನೇ ಕೊಟ್ಟಳು.

"ಅಕ್ಕಾ, ಯಾರಾದ್ರೂ ಕೇಳಿದ್ರೆ, ಲಿಫ್ಟು ಕೆಟ್ಟಿತ್ತು, ಬಿಸಿಲು ಚೆನ್ನಾಗಿತ್ತು, ಎಲ್ರೂ ಖುಷಿಯಾಗಿ ಇಳಿದ್ವಿ ಅಂತ ಹೇಳ್ಬಿಡಿ. ಸುಳ್ಳೇನಲ್ಲವಲ್ಲ."

"ಸುಳ್ಳಲ್ಲ. ಪೂರ್ತಿ ನಿಜಾನೂ ಅಲ್ಲ."

"ನಾಡಿದ್ದು ಮೇಲ್ವಿಚಾರಕಿ ಬರ್ತಾರೆ."

ನಾನು ಬಾಗಿಲ ಹಿಂದಿನಿಂದ ಅವಳ ಸ್ಟೂಲು ತಂದು ಗೋಡೆಗೆ ಒತ್ತಿ ಇಟ್ಟೆ. "ಕೂತ್ಕೋ."

"ಕೂರೋಕೆ ಟೈಮಿಲ್ಲ ಅಕ್ಕಾ."

"ಕೂತ್ಕೋ ಅಂದೆ."

ನನ್ನ ಮನೆಯಲ್ಲಿ ಅವಳು ಕೆಲಸಕ್ಕಲ್ಲದೆ ಕೂತದ್ದು ಅದೇ ಮೊದಲು. ನಾನು ಎದುರು ನಿಂತು, "ಕೈ ಕಟ್ಟು, ಏಳು," ಎಂದೆ. ಒಮ್ಮೆ ಎದ್ದಳು. ಇನ್ನೊಮ್ಮೆ ಎದ್ದಳು, ನಿಧಾನವಾಗಿ. ಆಮೇಲೆ ಅರ್ಧಕ್ಕೆ ಬಂದು ನಿಂತುಬಿಟ್ಟಳು, ಮೇಲೂ ಇಲ್ಲ ಕೆಳಗೂ ಇಲ್ಲ. ತೊಡೆ ಗಡಗಡ ನಡುಗುತ್ತಿತ್ತು. ಕಣ್ಣು ನನ್ನ ಮೇಲೇ ಇತ್ತು. ಕೈ ಕೊಡಬೇಕೆಂದು ನನ್ನ ಜೀವ ಹೊಡೆದುಕೊಂಡಿತು, ಆದರೆ ಏಳುವವರಿಗೆ ಕೈ ಕೊಡಬಾರದೆಂದು ನಮಗೆಲ್ಲ ಹೇಳಿಕೊಟ್ಟವಳೇ ಅವಳು. ದೊಪ್ಪನೆ ಕೂತಳು.

ಕೆಳಗೆ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು.

"ಯಾವ ಬಣ್ಣ?" ಎಂದು ನಾನೇ ಕೇಳಿದೆ.

"ನೀವೇ ಹೇಳಿ ಅಕ್ಕಾ."

"ನಾನು ಹೇಳಿದ್ರೆ ನೀನು ಒಪ್ಪಲ್ಲ. ಅದು ನಿನ್ನ ಕೆಲಸ."

"ಕೆಂಪು," ಎಂದಳು. ಎಂದು ಮುಖ ಮುಚ್ಚಿಕೊಂಡಳು. "ನನಗೆ ಆರು ತಿಂಗಳಿಂದ ಗೊತ್ತು. ಕೂತು ಎದ್ದು ತೋರಿಸುವಾಗಲೇ ಗೊತ್ತಾಯ್ತು. ಬೇರೆಯವರಾಗಿದ್ದಿದ್ರೆ ಆವತ್ತೇ ಫೋನು ಮಾಡಿಸ್ತಿದ್ದೆ."

ಮಧ್ಯಾಹ್ನ ಇಬ್ಬರೂ ಕೇಂದ್ರಕ್ಕೆ ಹೋದೆವು. ಇಳಿಯುವಾಗ ಅವಳು ಕಂಬಿ ಹಿಡಿದಳು, ನಾನೂ ಹಿಡಿದೆ. ಮೇಲ್ವಿಚಾರಕಿ ಎಂದರೆ ನಾನು ಏನೋ ಎಂದುಕೊಂಡಿದ್ದೆ. ಕೆಮ್ಮಿನಿಂದ ನರಳುತ್ತಿದ್ದ ಒಬ್ಬ ನಡುವಯಸ್ಸಿನ ಹೆಂಗಸು. ಸ್ಟೂಲಮ್ಮ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಲಿಫ್ಟಿನ ಮಾತನ್ನು ಕೊನೆಗೆ ಇಟ್ಟುಕೊಂಡಳು. ಆಕೆ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನಮ್ಮಾ ನೀನು! ಮೊದಲೇ ಹೇಳಿದ್ರೆ ನದಿ ಕಡೆಯ ಒಂದೇ ಅಂತಸ್ತಿನ ಮನೆಗಳ ಸುತ್ತು ಕೊಡ್ತಿದ್ದೆ. ಅಲ್ಲಿ ಹತ್ತೋಕೆ ಮೆಟ್ಟಿಲೇ ಇಲ್ಲ. ಆ ಕೆಲಸಕ್ಕೆ ಜನ ಸಿಗದೆ ನಾನು ಒದ್ದಾಡ್ತಿದ್ದೀನಿ. ಈಗ ಒಬ್ಬರು ಬಿದ್ದಾಗಿದೆ. ಈಗ ಏನು ಕೊಡ್ಲಿ?"

ಸ್ಟೂಲಮ್ಮ ಆಗ ಅಳಲಿಲ್ಲ. ಹೊರಗೆ ಬಂದು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, "ಮೆಟ್ಟಿಲೇ ಇಲ್ಲವಂತೆ ಅಕ್ಕಾ," ಎಂದಳು. ಇನ್ನೊಮ್ಮೆ ಅದನ್ನೇ ಹೇಳಿದಳು.

ಡಾಕ್ಟರು ರಕ್ತ ನೋಡಿದರು. ದೊಡ್ಡ ಕಾಯಿಲೆ ಏನೂ ಸಿಗಲಿಲ್ಲ. ರಕ್ತ ಕಡಿಮೆ, ಮಾಂಸಖಂಡ ಕರಗಿದೆ, ವರ್ಷಗಟ್ಟಲೆ ಹೊತ್ತಿಗೆ ಸರಿಯಾಗಿ ಉಂಡಿಲ್ಲ ಎಂದರು. ಒಪ್ಪಂದದ ವರ್ಷ ಮುಗಿಯುವವರೆಗೆ ಕೇಂದ್ರದಲ್ಲೇ ಫೋನಿನ ಮುಂದೆ ಕೂರಿಸಿದರು. ಅವಳು ತಂತಿ ಎಳೆದಷ್ಟು ದೂರಕ್ಕೆ ನಡೆದಾಡುತ್ತಾ ಮಾತಾಡುತ್ತಾಳೆ ಎಂದು ಅಲ್ಲಿಯವರು ನಗುತ್ತಿದ್ದರು. ವರ್ಷ ಮುಗಿದ ಮೇಲೆ ಕೆಲಸ ಮುಂದುವರಿಸಲಿಲ್ಲ. ನಮ್ಮ ಕಟ್ಟಡಕ್ಕೆ ಒಬ್ಬ ಹೊಸ ಹುಡುಗಿ ಬಂದಳು. ಒಳ್ಳೆಯವಳು, ಕೂತು ಚಹಾ ಕುಡಿಯುತ್ತಾಳೆ.

ಪೇಂಟರಣ್ಣ ದೂರು ಕೊಡಲು ಮಗಳಿಗೆ ಬಿಡಲಿಲ್ಲ. ಕೈಯ ಪಟ್ಟಿ ಬಿಚ್ಚಿದ ಮೇಲೆ ನಾನು ನೋಡಲು ಹೋಗಿದ್ದೆ. ಮೂಳೆ ಕೂಡಿತ್ತು, ಬೆರಳು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ. ನನ್ನೆದುರಿಗೇ ಕುಂಚ ಎತ್ತಿಕೊಂಡರು. ಹೆಬ್ಬೆರಳು ಒಂದು ಕಡೆ, ಉಳಿದವು ಇನ್ನೊಂದು ಕಡೆ, ನಡುವೆ ಕುಂಚ ಜಾರಿ ನೆಲಕ್ಕೆ ಬಿತ್ತು. ಎಡಗೈಯಿಂದ ಎತ್ತಿಕೊಂಡು ಅದರ ಕೂದಲು ಒರೆಸಿದರು.

"ಆಯಮ್ಮನಿಗೆ ಹೇಳ್ಬೇಡಕ್ಕ. ಬೀಳಿಸಿದ್ದು ಅವಳಲ್ಲ, ನನ್ನ ಜಂಬ. ಕೇಳಿದ್ರೆ ಚೆನ್ನಾಗಿದ್ದಾರೆ ಅನ್ನು."

ಹೇಳುವುದಿಲ್ಲ ಎಂದೆ.

ಸ್ವಲ್ಪ ದಿನಕ್ಕೆ ಅವಳಿಂದ ಫೋನು ಬಂತು. ಬಾಡಿಗೆಯ ಎರಡು ಕೋಣೆ ಬಿಟ್ಟು, ಅತ್ತೆಯನ್ನು ಕರೆದುಕೊಂಡು ದೂರದ ಊರಿನ ನಾದಿನಿಯ ಮನೆಗೆ ಹೋಗುತ್ತಿದ್ದಳು. ಹೊರಡುವ ಹಿಂದಿನ ದಿನ ಹೋಗಿ ನೋಡಿದೆ. ಟಯರು ಅಂಗಡಿಯ ಸುತ್ತಿಗೆ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಗಂಟುಮೂಟೆಗಳ ನಡುವೆ ಕಲ್ಲಜ್ಜಿ ನೆಟ್ಟಗೆ ನಿಂತು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಸ್ಟೂಲಮ್ಮ ಕುರ್ಚಿಯ ಮೇಲೆ ಕೂತು ಬಟ್ಟಲಲ್ಲಿ ಬೇಯಿಸಿದ ಬೇಳೆ ತಿನ್ನುತ್ತಿದ್ದಳು.

"ಬಾಮ್ಮ, ಬಾ," ಎಂದರು ಕಲ್ಲಜ್ಜಿ. "ನೋಡು, ಊರಿಗೆಲ್ಲ ತಿನ್ನಿ ತಿನ್ನಿ ಅಂತ ಹೇಳಿ, ತಾನು ಬ್ರೆಡ್ಡು ಕಚ್ಚಿಕೊಂಡು ಓಡಾಡಿದ ಜಾಣೆ. ಈಗ ನಾನು ಕೋಲು ಹಿಡ್ಕೊಂಡು ತಿನ್ನಿಸ್ತೀನಿ. ಏಯ್, ತಳದಲ್ಲಿ ಉಳಿದಿದೆ, ಬಳ್ಕೊಂಡು ತಿನ್ನು. ತಿಂದು ಕೂತು ಏಳು."

"ಈಗಷ್ಟೇ ಎದ್ದೆನಲ್ಲ ಅತ್ತೆ."

"ನಾನು ನೋಡ್ಲಿಲ್ಲ. ನೋಡ್ದೇ ಇದ್ದದ್ದು ಲೆಕ್ಕಕ್ಕಿಲ್ಲ. ನೀನೇ ಹೇಳ್ತಿದ್ದೆಯಲ್ಲ."

ಅವಳ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಕೋಟಿನ ಹೆಗಲು ಇನ್ನೂ ಜಾರಿಯೇ ಇತ್ತು. ಅತ್ತೆಯ ಎದುರು ಅವಳು ಪೇಂಟರಣ್ಣನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೇರೆ ಏನೇನೋ ಮಾತಾಡಿದೆವು. ಅವಳು ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಕತ್ತಲಾಗುವ ಮೊದಲು ಹೊರಟೆ. ಬೇಡವೆಂದರೂ ಬಸ್‌ಸ್ಟಾಪಿನವರೆಗೆ ಬರುತ್ತೇನೆಂದು ಎದ್ದಳು.

ಬೀದಿಯಲ್ಲಿ ನನ್ನ ತೋಳು ಹಿಡಿದು ನಡೆದಳು. ಮೂರು ವರ್ಷ ನಾನು ಅವಳ ಬೆನ್ನನ್ನೇ ನೋಡಿದವಳು, ಆವತ್ತು ಹೆಜ್ಜೆಗೆ ಹೆಜ್ಜೆ ಕೂಡಿತು. ಅಂಗಡಿಗಳ ಮೇಲೆ ಅಚ್ಚು ಹಾಕಿದ ಬೋರ್ಡುಗಳಿದ್ದವು. ಒಂದು ಹಳೆಯ ಕ್ಷೌರದಂಗಡಿಯ ಮೇಲೆ ಮಾತ್ರ ಕೈಯಲ್ಲಿ ಬರೆದದ್ದಿತ್ತು. ಯಾರು ಬರೆದದ್ದೋ ತಿಳಿಯದು. ಅವಳು ಅದರ ಕೆಳಗೆ ನಿಂತು ತಲೆ ಎತ್ತಿ ನೋಡಿದಳು. ದಣಿವಿಗೆ ನಿಂತಳೋ, ನೋಡಲೆಂದೇ ನಿಂತಳೋ ನನಗೆ ಗೊತ್ತಾಗಲಿಲ್ಲ.

ಬಸ್ಸು ಬಂತು. ನಾನು ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟಿದ್ದೆ, ಅವಳು ನನ್ನ ತೋಳು ಬಿಡಲಿಲ್ಲ. ಕಂಡಕ್ಟರು ಬೇಗ ಬೇಗ ಎಂದು ಕೂಗುತ್ತಿದ್ದ.

"ಅಕ್ಕಾ, ನೀವು ಸುಳ್ಳು ಹೇಳೋರಲ್ಲ, ಅದಕ್ಕೇ ನಿಮ್ಮನ್ನ ಕೇಳ್ತಿದ್ದೀನಿ. ಪೇಂಟರಣ್ಣನ ಕೈ ಈಗ ಕುಂಚ ಹಿಡಿಯುತ್ತಾ?"